ಗೂಡಿನಿಂದ ಪತಂಗ ಹೊರಬರುತ್ತಿಲ್ಲವೇ? ಮಲೆನಾಡಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಹುಳು ಸಾಕುವುದು ಕಷ್ಟವಲ್ಲ. ಎಲೆ ತಂದು ಹಾಕಿದರೆ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಜ್ವರಕ್ಕೆ ಕೂರುತ್ತದೆ (ಪೊರೆ ಬಿಡುವ ಮುನ್ನ ತಿನ್ನದೆ ಸುಮ್ಮನಿರುವುದಕ್ಕೆ ಹಾಗನ್ನುತ್ತಾರೆ), ಪೊರೆ ಬಿಡುತ್ತದೆ, ಒಂದು ದಿನ ಹಣ್ಣಾಗಿ ಗೂಡು ಕಟ್ಟಿಬಿಡುತ್ತದೆ. ತಕರಾರು ಶುರುವಾಗುವುದು ಅಲ್ಲಿಂದ ಮುಂದೆ. ಬರಬೇಕಾದಾಗ ಬರುವುದಿಲ್ಲ, ಬೇಡದಾಗ ಬಂದುಬಿಡುತ್ತದೆ, ಬಂದರೂ ರೆಕ್ಕೆ ಮುದುಡಿಕೊಂಡಿರುತ್ತದೆ. ಈ ಬರಹ ಗೂಡು ಕಟ್ಟಿದ ಮೇಲಿನ ತೊಂದರೆಗಳಿಗೆ ಮಾತ್ರ. ಎಲೆ, ಚಾಕಿ (ಎಳೆ ಹುಳು ಸಾಕಣೆ), ಜ್ವರದ ವಿಷಯ ಇಲ್ಲಿಲ್ಲ.

ಮೊದಲೇ ಒಂದು ಮಾತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಕಾಡುಪತಂಗದ ಗೂಡು ನೋಡುವುದು ಕ್ಯಾಲೆಂಡರನ್ನಲ್ಲ, ನೀರನ್ನು. ಮಳೆ, ಗಾಳಿಯ ತೇವ, ಅದರ ಜೊತೆಗೆ ಬೆಳಕು. ಇವೆಲ್ಲ ಹೊರಗಡೆ ತಮ್ಮ ಪಾಡಿಗೆ ನಡೆಯುತ್ತವೆ. ಮನೆಯೊಳಗೆ ತಂದಿಟ್ಟ ಮೇಲೆ ಅವನ್ನೆಲ್ಲ ನಡೆಸುವವರು ನೀವೇ, ಗೊತ್ತಿದ್ದೋ ಗೊತ್ತಿಲ್ಲದೆಯೋ. ಹಾಗಾಗಿ ದೋಷ ಹುಡುಕುವಾಗ ಪತಂಗಕ್ಕಿಂತ ಮೊದಲು ಅದನ್ನಿಟ್ಟ ಕೋಣೆಯನ್ನು ನೋಡಿ.

ಯಾವ ಗೂಡು, ಯಾವಾಗ ಕಟ್ಟಿದ್ದು?

ಈ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಗೂಡಿಗೊಂದು ಚೀಟಿ ಕಟ್ಟಿ ತಾರೀಖು ಬರೆಯುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹಿಪ್ಪುನೇರಳೆ ತಿನ್ನುವ ಮಾಮೂಲಿ ರೇಷ್ಮೆ ಹುಳು ಗೂಡಿನಲ್ಲಿ ಮಲಗುವ ಜಾತಿಯೇ ಅಲ್ಲ. ಅದರ ಸುಪ್ತಾವಸ್ಥೆ, ಅಂದರೆ ಬೆಳವಣಿಗೆ ನಿಲ್ಲಿಸಿ ಮಲಗುವ ಕಾಲ, ಏನಿದ್ದರೂ ಮೊಟ್ಟೆಯಲ್ಲಿ. 25 ಡಿಗ್ರಿ ಆಸುಪಾಸಿನಲ್ಲಿ ಪ್ಯೂಪಾ (ಗೂಡಿನೊಳಗಿನ ಕೋಶ) ಆಗಿ 10ರಿಂದ 14 ದಿನಕ್ಕೆ ಚಿಟ್ಟೆ ಹೊರಗೆ ಬರಬೇಕು. ತಿಂಗಳಾದರೂ ಬರಲಿಲ್ಲ ಅಂದರೆ ಕಾಯುವುದರಲ್ಲಿ ಅರ್ಥವಿಲ್ಲ, ಒಳಗೆ ಸತ್ತಿದೆ. ಹರಳೆಲೆ ತಿನ್ನುವ ಎರಿ ಹುಳುವೂ ಹಾಗೆಯೇ, ಮಲಗುವುದಿಲ್ಲ. ಬೇಸಿಗೆಯಲ್ಲಿ ಎರಡು ಮೂರು ವಾರ, ಪುಷ್ಯಮಾಸದ ಚಳಿಯಲ್ಲಿ ಅದಕ್ಕಿಂತ ಹೆಚ್ಚು. ಅದರ ಗೂಡಿನ ಒಂದು ತುದಿ ತೆರೆದೇ ಇರುವುದರಿಂದ ಹೊರಬರಲು ಕಷ್ಟವೂ ಇಲ್ಲ. ಹೊಸದಾಗಿ ಸಾಕಲು ಹೊರಟವರಿಗೆ ನಾನು ಹೇಳುವುದು ಎರಿಯನ್ನೇ.

ಕಾಡಿನವು ಬೇರೆ. ಮತ್ತಿ ಮರದಲ್ಲಿ ತೊಟ್ಟಿನ ಸಮೇತ ಗಟ್ಟಿ ಮೊಟ್ಟೆಯಂತೆ ನೇತಾಡುವ ತಸರ್ ಗೂಡು, ದಾಲ್ಚಿನ್ನಿ ಎಲೆ ಸುತ್ತಿಕೊಂಡು ಕಂದು ಚೀಲದ ಹಾಗೆ ಕಾಣುವ ಅಟ್ಲಾಸ್ ಪತಂಗದ ಗೂಡು, ಎಲೆಗಳ ನಡುವೆ ಕಾಗದದಂಥ ಗೂಡು ಕಟ್ಟುವ ತಿಳಿಹಸಿರಿನ ಚಂದ್ರ ಪತಂಗ, ಇವು ಮೂರೂ ಎರಡು ದಾರಿಯಲ್ಲಿ ಹೋಗಬಲ್ಲವು. ಮಳೆಗಾಲದಲ್ಲಿ ಕಟ್ಟಿದ್ದು ತಿಂಗಳೊಳಗೆ ಬರಬಹುದು. ಮಳೆ ಹಿಂದೆ ಬಿದ್ದ ಮೇಲೆ, ಅಂದರೆ ದೀಪಾವಳಿಯ ಆಚೀಚೆ ಕಟ್ಟಿದ್ದು ಮುಂದಿನ ಮುಂಗಾರಿನವರೆಗೂ ಅಲ್ಲಾಡದೆ ಕೂರಬಹುದು. ಒಂದೇ ತಾಯಿಯ ಮೊಟ್ಟೆಯಿಂದ ಬಂದು, ಒಂದೇ ವಾರದಲ್ಲಿ ಕಟ್ಟಿದ ಗೂಡುಗಳಲ್ಲೂ ಕೆಲವು ತಕ್ಷಣ ಬಂದು ಕೆಲವು ತಿಂಗಳುಗಟ್ಟಲೆ ಮಲಗುವುದುಂಟು. ಇದು ದೋಷವಲ್ಲ. ಎಲ್ಲವೂ ಒಟ್ಟಿಗೆ ಎದ್ದು, ಆ ಸಲ ಮಳೆ ಕೈಕೊಟ್ಟರೆ ವಂಶವೇ ಹೋಯಿತಲ್ಲ.

ಮರದ ಕಡೆಯಿಂದ ನೋಡಿದರೂ ಇದೇ ಸರಿ. ಮತ್ತಿ ಎಲೆ ಉದುರಿಸುವುದು ಬೇಸಿಗೆಯ ಮೊದಲ ಭಾಗದಲ್ಲಿ. ಆಗ ಪತಂಗ ಬಂದು ಮೊಟ್ಟೆ ಇಟ್ಟರೆ ಮರಿಗೆ ತಿನ್ನಲು ಏನಿದೆ? ಮೃಗಶಿರ ಹಿಡಿಯುವ ಹೊತ್ತಿಗೆ ಹೊಸ ಎಲೆ ತುಂಬಿರುತ್ತದೆ. ಗೂಡು ಕಾಯುತ್ತಿರುವುದು ಆ ಎಲೆಗೆ, ಮಳೆ ಅದಕ್ಕೊಂದು ಗುರುತು.

ತೊಂದರೆ: ತಿಂಗಳುಗಟ್ಟಲೆ ಆಯಿತು, ಅಲ್ಲಾಡುತ್ತಿಲ್ಲ

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ. ಸಾಗರದ ಕಡೆಯ ಒಬ್ಬ ಹುಡುಗ ಪ್ರತಿ ಬೇಸಿಗೆಯಲ್ಲೂ ಮಾಡುತ್ತಾನೆ.

"ಅಣ್ಣಾ, ದೀಪಾವಳಿ ಟೈಮಲ್ಲಿ ಕಟ್ಟಿದ್ದು. ಶಿವರಾತ್ರಿನೂ ಆಯ್ತು. ಸತ್ತೋಯ್ತೇನೋ, ಎಸೆದ್ಬಿಡ್ಲಾ?"

"ತೂಗಿ ನೋಡಿದ್ಯಾ?"

"ಇಲ್ಲ, ಕಿವಿ ಹತ್ರ ಇಟ್ಕೊಂಡು ದಿನಾ ಅಲ್ಲಾಡಿಸಿ ನೋಡ್ತೀನಿ."

"ಮೊದ್ಲು ಅದನ್ನ ನಿಲ್ಸು ಮಾರಾಯ."

ಅಲ್ಲಾಡಿಸಿ ನೋಡುವುದರಿಂದ ಗೊತ್ತಾಗುವುದು ಸ್ವಲ್ಪವೇ. ತಸರ್ ಗೂಡಿನೊಳಗೆ ಜೀವಂತ ಪ್ಯೂಪಾ ಭಾರವಾಗಿ, ದಪ್ಪ ಸದ್ದಿನಲ್ಲಿ ಹೊರಳುತ್ತದೆ. ಒಣಗಿ ಸತ್ತದ್ದು ಒಣ ಕಡಲೆಕಾಯಿಯಂತೆ ಗಲಗಲ ಅನ್ನುತ್ತದೆ. ಇದನ್ನು ಒಂದು ಸಲ ನೋಡಿದರೆ ಸಾಕು. ದಿನಾ ಮಾಡಿದರೆ ಒಳಗಿನ ಪ್ಯೂಪಾಕ್ಕೆ ಪೆಟ್ಟಾಗುತ್ತದೆ. ಅಟ್ಲಾಸ್ ಗೂಡಿನಲ್ಲಂತೂ ಈ ಪರೀಕ್ಷೆ ನಂಬಬೇಡಿ, ಎಲೆಯ ಸುತ್ತು ಸದ್ದನ್ನು ನುಂಗುತ್ತದೆ.

ನಂಬಬಹುದಾದದ್ದು ತೂಕ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೆ ಸಿಗುತ್ತದೆ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸಿದರೆ ಸಾಕು. ಗೂಡು ಗಟ್ಟಿಯಾದ ಒಂದು ವಾರದ ಮೇಲೆ ಮೊದಲ ತೂಕ ತೆಗೆದು ಚೀಟಿಯಲ್ಲಿ ಬರೆಯಿರಿ, ಆಮೇಲೆ ತಿಂಗಳಿಗೊಂದು ಸಲ. ತಸರ್ ಗೂಡು ಒಂದೊಂದೂ ಹತ್ತು ಗ್ರಾಮಿನ ಆಚೀಚೆ ಇರುತ್ತದೆ, ಹೆಣ್ಣಿನದು ಹೆಚ್ಚು ಭಾರ. ಮಲಗಿರುವ ಪ್ಯೂಪಾದ ಉಸಿರಾಟ ಬಹಳ ಕಡಿಮೆ, ನೀರು ಬಿಡುವುದೂ ಕಡಿಮೆ. ತಿಂಗಳಿಂದ ತಿಂಗಳಿಗೆ ತೂಕ ನಿಧಾನವಾಗಿ ಚೂರೇ ಚೂರು ಇಳಿಯುತ್ತಿದ್ದರೆ ಅದು ಬದುಕಿದೆ. ಸಟ್ಟನೆ ಇಳಿದು ಅರ್ಧಕ್ಕೆ ಬಂದರೆ ಸತ್ತು ಒಣಗುತ್ತಿದೆ. ಸತ್ತಿದೆಯೋ ಮಲಗಿದೆಯೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಮಾಡಲು ಇಲ್ಲ.

ತೂಕದ ಲೆಕ್ಕ ಇಟ್ಟಿಲ್ಲ, ಈಗಲೇ ಗೊತ್ತಾಗಬೇಕು ಅನ್ನುವವರು ತಸರ್ ಗೂಡಿನ ತೊಟ್ಟಿನ ಎದುರು ತುದಿಯಲ್ಲಿ ಬ್ಲೇಡಿನಿಂದ ಕಿರುಬೆರಳ ಉಗುರಿನಷ್ಟು ಮುಚ್ಚಳ ಕೊಯ್ದು ನೋಡಬಹುದು. ತೊಟ್ಟಿನ ತುದಿಯನ್ನು ಮುಟ್ಟಬೇಡಿ, ಪತಂಗ ಹೊರಬರುವುದು ಅಲ್ಲಿಂದ. ಒಳಗೆ ಕಂದು ಬಣ್ಣದ, ತುಂಬಿದ, ಮುಟ್ಟಿದರೆ ಹೊಟ್ಟೆಯ ಉಂಗುರಗಳನ್ನು ತಿರುಗಿಸುವ ಪ್ಯೂಪಾ ಕಂಡರೆ ಮುಚ್ಚಳ ಮುಚ್ಚಿ ಅಂಟಿನ ಕಾಗದ ಹಚ್ಚಿ. ಮಲಗಿರುವ ಪ್ಯೂಪಾ ಚಳಿಯಲ್ಲಿ ತಿರುಗದೆಯೂ ಇರಬಹುದು, ಅಂಗೈ ಬಿಸಿಗೆ ಸ್ವಲ್ಪ ಹೊತ್ತು ಹಿಡಿದು ನೋಡಿ.

ಒಳಗೆ ಏನು ನಡೆಯುತ್ತಿದೆ ಅಂತ ತಿಳಿದಿದ್ದರೆ ತಾಳ್ಮೆ ಬರುತ್ತದೆ. ಮಲಗಿರುವ ಪ್ಯೂಪಾದ ಮಿದುಳು, ಬೆಳವಣಿಗೆ ಶುರುಮಾಡಿಸುವ ಹಾರ್ಮೋನನ್ನು ಬಿಡುವುದನ್ನೇ ನಿಲ್ಲಿಸಿರುತ್ತದೆ. ಅಮೆರಿಕದ ಕ್ಯಾರಲ್ ವಿಲಿಯಮ್ಸ್ 1940ರ ದಶಕದಲ್ಲಿ ಸಿಕ್ರೋಪಿಯಾ ಎಂಬ ದೊಡ್ಡ ಪತಂಗದ ಮೇಲೆ ಇದನ್ನು ತೋರಿಸಿಕೊಟ್ಟರು. ಚಳಿಯಲ್ಲಿಟ್ಟ ಪ್ಯೂಪಾದ ಮಿದುಳನ್ನು ತೆಗೆದು, ಮಲಗಿದ್ದ ಇನ್ನೊಂದು ಪ್ಯೂಪಾಕ್ಕೆ ಇಟ್ಟರೆ ಅದು ಎದ್ದು ಬೆಳೆಯತೊಡಗಿತು. ಅಲ್ಲಿನ ಪತಂಗಕ್ಕೆ ಚಳಿಗಾಲ ಕಳೆಯಿತು ಅನ್ನುವುದು ಗುರುತು. ಆ ದೇಶದ ಕೈಪಿಡಿ ಓದಿ ನಮ್ಮ ಗೂಡನ್ನು ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಡುವವರಿದ್ದಾರೆ. ದಯವಿಟ್ಟು ಬೇಡ. ಆಗುಂಬೆಯ ಪತಂಗ ಹಿಮ ಕಂಡದ್ದಲ್ಲ. ಫ್ರಿಜ್ಜಿನ ಚಳಿ ಮತ್ತು ಒಣಗಾಳಿ ಎರಡೂ ಸೇರಿ ಅದನ್ನು ಕೊಲ್ಲುತ್ತವೆ.

ತೊಂದರೆ: ಮಾಘ ಮಾಸದಲ್ಲೇ ಹೊರಬಂದಿತು

ತಸರ್ ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಿಗೂ ಇದು ಹಳೆಯ ತಲೆನೋವು. ಮುಂಗಾರಿಗೆ ಅಂತ ಕಾಪಿಟ್ಟ ಗೂಡುಗಳಲ್ಲಿ ಒಂದು ಪಾಲು ಬೇಸಿಗೆಯಲ್ಲೇ ಎದ್ದು ವ್ಯರ್ಥವಾಗುತ್ತವೆ. ಮನೆಯಲ್ಲಿ ಹಾಗಾದರೆ ಕಾರಣ ಬಹುಪಾಲು ಈ ಮೂರರಲ್ಲಿ ಒಂದು.

ಮೊದಲನೆಯದು ದೀಪ. ನಮ್ಮ ಊರುಗಳು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ, ಅಷ್ಟೇ. ಅಂಥಾದ್ದರಲ್ಲಿ ನೀವು ಗೂಡು ನೇತುಹಾಕಿದ ನಡುಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿದರೆ, ಗೂಡಿನ ಪಾಲಿಗೆ ಹಗಲು ನಾಲ್ಕೈದು ಗಂಟೆ ಬೆಳೆದು ಕೂತಿತು. ಹಗಲು ಉದ್ದವಾದರೆ ಸುಪ್ತಾವಸ್ಥೆ ಮುರಿಯುವುದನ್ನು ಚೀನಾದ ತಸರ್ ಪತಂಗದಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಆ ಪ್ಯೂಪಾದ ತಲೆಯ ಮೇಲೆ, ಮಿದುಳಿಗೆ ಸರಿಯಾಗಿ, ಗಾಜಿನ ಹೆಂಚಿನ ಹಾಗೆ ಬೆಳಕು ಒಳಬಿಡುವ ಒಂದು ಚುಕ್ಕೆಯೇ ಇದೆ. ಕಣ್ಣಿನ ಗೊಡವೆಯಿಲ್ಲದೆ ಬೆಳಕು ನೇರ ಮಿದುಳಿಗೆ ತಾಗುತ್ತದೆ. ಗೂಡಿನೊಳಗೆ ಇದೆಯಲ್ಲ, ಬೆಳಕೇನು ತಾಗುತ್ತದೆ ಅಂತ ತಾತ್ಸಾರ ಬೇಡ.

ಎರಡನೆಯದು ಬಿಸಿ. ಫ್ರಿಜ್ಜಿನ ಮೇಲೆ, ಇನ್ವರ್ಟರ್ ಬ್ಯಾಟರಿಯ ಪಕ್ಕ, ಬಚ್ಚಲ ಹಂಡೆಯ ಗೋಡೆಗೆ ಅಂಟಿದ ಕಪಾಟಿನಲ್ಲಿ ಇಟ್ಟರೆ ಸದಾ ಬೆಚ್ಚಗಿರುತ್ತದೆ. ಹೊರಗೆ ರಾತ್ರಿ 15 ಡಿಗ್ರಿ ಇದ್ದಾಗ ಅಲ್ಲಿ 28. ಅದಕ್ಕೆ ಚಳಿಗಾಲ ಬಂದದ್ದೇ ಗೊತ್ತಾಗುವುದಿಲ್ಲ.

ಮೂರನೆಯದು ನೀರು. ಒಣಗಿಹೋಗುತ್ತದೆ ಎಂಬ ಮರುಕದಿಂದ ದಿನಾ ಚಿಮುಕಿಸುವವರು ಇದ್ದಾರೆ. ಬೆಚ್ಚಗಿನ ಜಾಗ, ಉದ್ದ ಹಗಲು, ಜೊತೆಗೆ ತೇವ. ಗೂಡು ಇದನ್ನು ಮುಂಗಾರು ಅಂತಲೇ ತಿಳಿಯುತ್ತದೆ, ಏಳುತ್ತದೆ. ತಪ್ಪು ಅದರದ್ದಲ್ಲ.

ಪರಿಹಾರ ಸರಳ. ನವೆಂಬರಿನಿಂದ ಮೇ ಮಧ್ಯದವರೆಗೆ ಗೂಡುಗಳಿಗೆ ಹೊರಗಿನ ಹಗಲು ರಾತ್ರಿಯೇ ಬೀಳುವಂಥ ಜಾಗ ಬೇಕು. ಉತ್ತರಕ್ಕೆ ಮುಖಮಾಡಿದ ಜಗಲಿಯ ಮಾಡಿನ ಅಡಿ, ಬಿಸಿಲು ನೇರ ಬೀಳದ ಕಡೆ, ಇರುವೆ ಹತ್ತದ ಹಾಗೆ ದಾರದಲ್ಲಿ ಹಾರ ಕಟ್ಟಿ ನೇತುಹಾಕುವುದು ಉತ್ತಮ. ದಾರದ ನಡುವೆ ಒಂದು ಕಡೆ ಬೇವಿನೆಣ್ಣೆ ಹಚ್ಚಿದ ಬಟ್ಟೆಚೂರು ಸುತ್ತಿದರೆ ಕಟ್ಟಿರುವೆ ದಾಟುವುದಿಲ್ಲ. ಗೂಡುಗಳ ಸುತ್ತ ಇಲಿಗೆ ಅಡ್ಡವಾಗಿ ಸಣ್ಣ ಕಣ್ಣಿನ ತಂತಿ ಬಲೆ ಬೇಕೇ ಬೇಕು, ತಸರ್ ಗೂಡನ್ನು ಕಡಿದು ಪ್ಯೂಪಾ ತಿನ್ನುವುದು ಇಲಿಗೆ ಚೆನ್ನಾಗಿ ಗೊತ್ತು. ಅಡಿಕೆ ಒಣಗಿಸುವ ಹೊಗೆ ಅಟ್ಟ ಮಾತ್ರ ಬೇಡವೇ ಬೇಡ. ಶಿವಮೊಗ್ಗ ಪೇಟೆಯಲ್ಲಿ, ಭದ್ರಾವತಿಯಲ್ಲಿ ಮಾರ್ಚ್ ಏಪ್ರಿಲಿನ ಗಾಳಿ ನಿಜಕ್ಕೂ ಒಣಗಿಸುತ್ತದೆ. ಅಲ್ಲಿನವರು ಗೂಡಿಗೆ ನೀರು ಹಾಕದೆ, ಪಕ್ಕದಲ್ಲಿ ಒದ್ದೆ ಮರಳಿನ ಮಡಕೆ ಇಟ್ಟರೆ ಸಾಕು. ತೀರ್ಥಹಳ್ಳಿಯಿಂದ ಮೇಲಿನವರಿಗೆ ಅದೂ ಬೇಡ.

ಬಂದೇಬಿಟ್ಟ ಪತಂಗವನ್ನು ಏನು ಮಾಡುವುದು? ಗೂಡು ತಂದ ಜಾಗ ಹತ್ತಿರವಿದ್ದರೆ ಮುಸ್ಸಂಜೆಗೆ ಅಲ್ಲಿಯೇ ಬಿಟ್ಟುಬಿಡಿ. ಈ ದೊಡ್ಡ ಪತಂಗಗಳಿಗೆ ಬಾಯಿ ನಾಮಕೇವಾಸ್ತೆ, ಏನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ತಿಂದ ಕೊಬ್ಬಿನಲ್ಲಿ ವಾರ, ಹೆಚ್ಚೆಂದರೆ ಹತ್ತು ದಿನ ಬದುಕುತ್ತವೆ. ಜೇನುತುಪ್ಪ ಸಕ್ಕರೆ ನೀರು ಇಟ್ಟು ಕಾಯಬೇಡಿ. ಎರಿಯನ್ನು ಮಾತ್ರ ಹೊರಗೆ ಬಿಡಬೇಡಿ, ಅದು ಸಾಕಿದ ಜಾತಿ, ನಮ್ಮ ಕಾಡಿನದಲ್ಲ. ಇದರ ಜೊತೆಗೆ ಇನ್ನೊಂದು ಮಾತು: ಶರಾವತಿ ಕಣಿವೆ, ಸೋಮೇಶ್ವರ, ಭದ್ರಾ ಇಂಥ ರಕ್ಷಿತ ಕಾಡುಗಳ ಒಳಗಿನಿಂದ ಅನುಮತಿಯಿಲ್ಲದೆ ಗೂಡು ತರುವುದು ಕಾನೂನಿಗೆ ವಿರುದ್ಧ. ಬೇಲಿಯ ಮೇಲೆ, ತೋಟದ ಅಂಚಿನಲ್ಲಿ ಸಿಕ್ಕುವುದೇ ಬೇಕಾದಷ್ಟಿದೆ.

ತೊಂದರೆ: ಮಳೆ ಹಿಡಿದರೂ ಏಳಲಿಲ್ಲ

ಮಳೆ ಹಿಡಿದದ್ದು ಹೊರಗೆ. ನಿಮ್ಮ ಗೂಡು ಎಲ್ಲಿದೆ? ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲೋ ಗಾಜಿನ ಶೋಕೇಸಿನಲ್ಲೋ ಇದ್ದರೆ ಅದಕ್ಕಿನ್ನೂ ಚೈತ್ರವೇ.

ಭರಣಿ, ಕೃತ್ತಿಕೆ ಮಳೆಗಳು ಒಂದೆರಡು ಬಿದ್ದು ಮತ್ತಿಯಲ್ಲಿ ಎಲೆ ಬಲಿಯತೊಡಗಿದ ಮೇಲೆ, ಮೇ ಕೊನೆಯ ವಾರದ ಹೊತ್ತಿಗೆ, ಗೂಡಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಮೇಲ್ಮೈ ಒದ್ದೆಯಾಗಬೇಕು, ಮುಂದಿನ ಸಲದ ಹೊತ್ತಿಗೆ ಒಣಗಿರಬೇಕು. ನೆನೆದು ತೊಪ್ಪೆಯಾಗಬಾರದು. ಗೂಡಿನ ಸುತ್ತ ಗಾಳಿಯ ತೇವ 75ರಿಂದ 80 ಶೇಕಡಾ, ಬಿಸಿ 25 ಡಿಗ್ರಿ ಅಂದರೆ ಹದವಾಯಿತು. ತೇವ ತೋರಿಸುವ ಪುಟ್ಟ ಮೀಟರನ್ನು ಹಾರದ ಪಕ್ಕವೇ ತೂಗುಹಾಕಿ, ಗೋಡೆಗಲ್ಲ. ಏಳಲು ಶುರುಮಾಡಿದ ಮೇಲೂ ಪತಂಗವಾಗಲು ಒಳಗೆ ವಾರಗಳ ಕೆಲಸ ಇರುತ್ತದೆ. ಇಂದು ನೀರು ಹಾಕಿ ನಾಳೆ ಬಾಗಿಲು ಕಾಯಬೇಡಿ.

ಮಲಗದ ಜಾತಿಗಳು ತಡಮಾಡಿದರೆ ಕಾರಣ ಹೆಚ್ಚಾಗಿ ಬರೀ ಚಳಿ. ಆರಿದ್ರಾ, ಪುನರ್ವಸು ಮಳೆಯಲ್ಲಿ ಹೊಸನಗರದ ಕಡೆಯ ಮನೆಗಳಲ್ಲಿ ಹಗಲಿಗೂ 21, 22 ಡಿಗ್ರಿ ದಾಟದ ದಿನಗಳಿರುತ್ತವೆ. ಪುಸ್ತಕದಲ್ಲಿ 12 ದಿನ ಅಂತ ಬರೆದದ್ದು ಅಲ್ಲಿ 18 ಆದರೆ ಗಾಬರಿ ಬೇಡ.

ಪೂರಾ ಮಳೆಗಾಲ ಕಳೆದರೂ ಏಳದ ಗೂಡು ಅಪರೂಪಕ್ಕೆ ಇರುತ್ತದೆ. ತೂಕ ಹೆಚ್ಚು ಇಳಿಯದೆ ನಿಂತಿದೆಯಾ? ಹಾಗಾದರೆ ಜಗಲಿಗೆ ವಾಪಸು ಕಟ್ಟಿ, ಮುಂದಿನ ಮುಂಗಾರಿನವರೆಗೆ ಇಡಿ. ಈ ಕುಟುಂಬದ ಕೆಲವು ಪತಂಗಗಳು ಎರಡು ವರ್ಷ ಮಲಗುವುದುಂಟು.

ತೊಂದರೆ: ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ

ಪ್ರತಿ ಜಾತಿಗೂ ತನ್ನದೇ ಆದ ಗಳಿಗೆ ಇದೆ. ರೇಷ್ಮೆ ಚಿಟ್ಟೆ ನಸುಕಿನಲ್ಲಿ, ತಸರ್ ಸಂಜೆಯಿಂದ ರಾತ್ರಿಗೆ, ಅಟ್ಲಾಸ್ ಹೆಚ್ಚಾಗಿ ಬೆಳಗಿನ ಹೊತ್ತು. ಇದನ್ನು ನಿರ್ಧರಿಸುವುದೂ ಮಿದುಳೇ. ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫರ್ಡ್ 1970ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಈಗಲೂ ಸೋಜಿಗ. ಬೆಳಿಗ್ಗೆ ಹೊರಬರುವ ಸಿಕ್ರೋಪಿಯಾ, ಸಂಜೆಗೆ ಹತ್ತಿರ ಹೊರಬರುವ ಚೀನಾದ ತಸರ್, ಇವೆರಡರ ಮಿದುಳುಗಳನ್ನು ಅದಲುಬದಲು ಮಾಡಿ, ಹೊಟ್ಟೆಯೊಳಗೆ ಇಟ್ಟರು. ಪತಂಗ ಹೊರಬಂದದ್ದು ಮೈಯ ಜಾತಿಯ ಹೊತ್ತಿಗಲ್ಲ, ಮಿದುಳಿನ ಜಾತಿಯ ಹೊತ್ತಿಗೆ. ಮಿದುಳು ತೆಗೆದವು ಹೊತ್ತುಗೊತ್ತಿಲ್ಲದೆ ಬಂದವು.

ನಮಗೆ ಇದರಿಂದ ಸಿಗುವ ಪಾಠಗಳು ಎರಡು. ಮಿದುಳು ಗಡಿಯಾರ ಕೂಡಿಸಿಕೊಳ್ಳುವುದು ಬೆಳಕು ಕತ್ತಲೆಯಿಂದ. ಕರೆಂಟು ಹೋಗಿ ಬಂದು, ಒಂದು ದಿನ ಎಂಟಕ್ಕೆ ದೀಪ ಆರಿ ಇನ್ನೊಂದು ದಿನ ಹನ್ನೆರಡಕ್ಕೆ ಆರಿದರೆ ಅದರ ಲೆಕ್ಕ ತಪ್ಪುತ್ತದೆ. ಬರುವ ವಾರ ಹತ್ತಿರವಾದಾಗ ಗೂಡುಗಳನ್ನು ರಾತ್ರಿ ದೀಪವಿಲ್ಲದ ಕೋಣೆಗೆ ಒಯ್ಯಿರಿ. ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಬೇಕೆಂದೇ ಕೋಣೆ ಕತ್ತಲು ಮಾಡಿಟ್ಟು ನಸುಕಿಗೆ ದೀಪ ಹಾಕುತ್ತಾರೆ, ಚಿಟ್ಟೆಗಳೆಲ್ಲ ಒಟ್ಟಿಗೆ ಬರಲಿ ಅಂತ.

ಇನ್ನೊಂದು ಪಾಠ ಅವಸರದವರಿಗೆ. ಗಳಿಗೆ ತಪ್ಪಿದ ಪತಂಗ ಒಳಗೇ ಉಳಿದು ಮರುದಿನದ ಗಳಿಗೆಗೆ ಕಾಯುತ್ತದೆ. ಇವತ್ತು ಸಂಜೆ ಗೂಡಿನಲ್ಲಿ ಕೆರೆಯುವ ಸದ್ದು ಕೇಳಿ, ರಾತ್ರಿಯಾದರೂ ಬರಲಿಲ್ಲ ಅಂತ ಕತ್ತರಿ ಹಿಡಿಯಬೇಡಿ.

ತೊಂದರೆ: ಗಂಡು ಬಂದಾಗ ಹೆಣ್ಣಿಲ್ಲ

ಗಂಡುಗಳು ಸಾಮಾನ್ಯವಾಗಿ ಮೊದಲು ಬರುತ್ತವೆ. ಹಗುರ ಗೂಡು ಗಂಡಿನದು, ಭಾರದ್ದು ಹೆಣ್ಣಿನದು ಅಂತ ಅಂದಾಜು ಮಾಡಿ ಬೇರೆ ಮಾಡಿ. ಪ್ಯೂಪಾ ಕಣ್ಣಿಗೆ ಬಿದ್ದರೆ ಮುಖದ ಮೇಲಿನ ಮೀಸೆಯ ಅಚ್ಚು ನೋಡಿ: ಅಗಲ ಗರಿಯಂತಿದ್ದರೆ ಗಂಡು, ಸಪೂರ ಇದ್ದರೆ ಹೆಣ್ಣು. ಗಂಡಿನ ಗೂಡುಗಳನ್ನು ತಂಪು ಮೂಲೆಯಲ್ಲಿ, ಒದ್ದೆ ಗೋಣಿ ಸುತ್ತಿದ ಮಡಕೆಯ ಪಕ್ಕ ಇಟ್ಟರೆ ಕೆಲವು ದಿನ ಹಿಂದೆ ಬೀಳುತ್ತವೆ. ಹೆಣ್ಣು ಒಂದೇ ಉಳಿದರೆ ಬಲೆಯ ಪಂಜರದಲ್ಲಿ ಕೂರಿಸಿ, ರಾತ್ರಿ ಬೀದಿ ದೀಪ ಕಾಣದ ಕಡೆ ಹಿತ್ತಲಲ್ಲಿ ತೂಗುಹಾಕಿ. ಕಾಡಂಚಿನ ಮನೆಯಾದರೆ ವಾಸನೆ ಹಿಡಿದು ಗಂಡು ತಾನಾಗಿ ಬರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಪಂಜರದ ಹೊರಮೈಗೆ ಅಂಟಿಕೊಂಡು ಕೂತಿರುವುದನ್ನು ಕಾಣಬಹುದು.

ತೊಂದರೆ: ಅರ್ಧ ಬಂದು ಸಿಕ್ಕಿಕೊಂಡಿತು, ಅಥವಾ ರೆಕ್ಕೆ ಮುದುಡಿತು

ತಸರ್ ಪತಂಗ ಹೊರಬರುವುದನ್ನು ಹತ್ತಿರದಿಂದ ನೋಡಿದರೆ ಎಲ್ಲಿ ಎಡವುತ್ತದೆ ಅಂತ ತಿಳಿಯುತ್ತದೆ. ಮೊದಲು ತೊಟ್ಟಿನ ಬುಡದಲ್ಲಿ ನಾಣ್ಯದಗಲ ಒದ್ದೆ ಕಲೆ ಮೂಡುತ್ತದೆ. ಪತಂಗ ಬಾಯಿಂದ ಬಿಡುವ ದ್ರವ ಅದು. ರೇಷ್ಮೆ ನೂಲನ್ನು ಹಿಡಿದಿಟ್ಟ ಅಂಟನ್ನು ಕರಗಿಸುವ ಕಿಣ್ವ ಅದರಲ್ಲಿದೆ, ಕೊಕೂನೇಸ್ ಅಂತ ಅದರ ಹೆಸರು. ನೂಲು ಕಡಿಯುವುದಿಲ್ಲ, ಸಡಿಲವಾಗುತ್ತದೆ. ಆ ಮೇಲೆ ತಲೆ ನೂಕಿ, ಮುಂಗಾಲು ಹೊರಹಾಕಿ, ನೂಲುಗಳನ್ನು ಆಚೀಚೆ ಸರಿಸಿ ಮೈ ಎಳೆದುಕೊಳ್ಳುತ್ತದೆ. ಹೊರಬಂದಾಗ ಹೊಟ್ಟೆ ಬಲೂನಿನ ಹಾಗೆ, ರೆಕ್ಕೆಗಳು ಒದ್ದೆ ಚಿಂದಿಯ ಹಾಗೆ. ತಕ್ಷಣ ಮೇಲಕ್ಕೆ ಹತ್ತಿ ಜೋತುಬೀಳುತ್ತದೆ. ಹೊಟ್ಟೆಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ತುಂಬಿ, ಅರ್ಧ ಗಂಟೆಯೊಳಗೆ ರೆಕ್ಕೆ ಪೂರ್ತಿ ಇಳಿಯುತ್ತದೆ. ಗಟ್ಟಿಯಾಗಲು ಇನ್ನೂ ಕೆಲವು ಗಂಟೆ.

ಸಿಕ್ಕಿಕೊಂಡರೆ ಗಾಳಿ ಒಣಗಿದೆ ಅಂತ ಅರ್ಥ, ದ್ರವ ಕೆಲಸ ಮಾಡುವ ಮುನ್ನವೇ ಆರಿಹೋಗಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಣ್ಣದ ಕುಂಚದಿಂದ ತೂತಿನ ಅಂಚನ್ನಷ್ಟೇ ಒದ್ದೆ ಮಾಡಿ, ಅರ್ಧ ಗಂಟೆ ಬಿಡಿ. ಎಳೆಯಬೇಡಿ. ಇನ್ನೂ ಬರಲಿಲ್ಲವೆಂದರೆ ಮಾತ್ರ ಅಂಚಿನ ನೂಲು ಒಂದೆರಡು ಕಡೆ ಕತ್ತರಿಸಿ. ಗೂಡುಗಳನ್ನು ಮೊರದಲ್ಲಿ ಒಂದರ ಮೇಲೊಂದು ಸುರಿದಿದ್ದರೆ ತೊಟ್ಟಿನ ಬಾಯಿಗೆ ಇನ್ನೊಂದು ಗೂಡು ಅಡ್ಡವಾಗಿರುತ್ತದೆ, ಅದೂ ಸಾಮಾನ್ಯ ಕಾರಣ.

ರೆಕ್ಕೆ ಮುದುಡುವುದಕ್ಕೆ ಮುಖ್ಯ ಕಾರಣ ಡಬ್ಬಿ. ನುಣುಪು ಪ್ಲಾಸ್ಟಿಕ್ಕಿಗೆ ಕಾಲು ಹಿಡಿಯುವುದಿಲ್ಲ, ಜಾರಿ ಬೀಳುತ್ತದೆ, ಬಿದ್ದಲ್ಲೇ ರೆಕ್ಕೆ ಆರುತ್ತದೆ. ಒಮ್ಮೆ ಆರಿದ್ದು ಮತ್ತೆ ಬಿಚ್ಚುವುದಿಲ್ಲ, ಯಾವ ನೀರು ಹಾಕಿದರೂ ಅಷ್ಟೇ. ಒಳಗೆಲ್ಲ ಗೋಣಿಬಟ್ಟೆ ಅಥವಾ ಸೊಳ್ಳೆ ಪರದೆ ಹೊಲಿದ ಪಂಜರ ಮಾಡಿ. ಅಟ್ಲಾಸಿಗೆ ರೆಕ್ಕೆಯ ಅಗಲ ಒಂದು ಗೇಣಿಗೂ ಹೆಚ್ಚು, ಗೂಡಿನ ಕೆಳಗೆ ಒಂದು ಮೊಳವಾದರೂ ಖಾಲಿ ಜಾಗ ಬೇಕು. ಬಿದ್ದದ್ದು ಈಗಷ್ಟೇ ಕಣ್ಣಿಗೆ ಬಿದ್ದರೆ ಬೆರಳಿಗೆ ಹತ್ತಿಸಿಕೊಂಡು ಪರದೆಗೆ ಏರಿಸಿ, ಉಳಿಯುವ ಸಾಧ್ಯತೆ ಇದೆ. ಕೋಣೆಯಲ್ಲಿ ಸೊಳ್ಳೆ ಬತ್ತಿಯೋ ದ್ರವದ ಮೆಷಿನ್ನೋ ಉರಿಯುತ್ತಿದ್ದರೆ ಮೊದಲು ಅದನ್ನು ಆರಿಸಿ. ಸೊಳ್ಳೆಗೆ ವಿಷವಾದದ್ದು ಪತಂಗಕ್ಕೂ ವಿಷ.

ಹೊರಬಂದ ಸ್ವಲ್ಪ ಹೊತ್ತಿಗೆ ಕಂದು ನೀರು ಬಿಡುವುದನ್ನು ನೋಡಿ ಹೆದರುವವರಿದ್ದಾರೆ. ಅದು ಪ್ಯೂಪಾ ಕಾಲದ ಕಸ, ರೋಗವಲ್ಲ. ಗೋಡೆಯ ಸುಣ್ಣಕ್ಕೆ ಹಿಡಿದರೆ ಹೋಗುವುದಿಲ್ಲ ಅನ್ನುವುದೊಂದೇ ತೊಂದರೆ.

ತೊಂದರೆ: ಪತಂಗದ ಬದಲು ಬೇರೇನೋ ಬಂತು

ತೂತನ್ನು ನೋಡಿ ಹೇಳಬಹುದು. ತುದಿಯಲ್ಲಿ, ಅಗಲವಾಗಿ, ಅಂಚಿನಲ್ಲಿ ಕಲೆಯಿದ್ದರೆ ಪತಂಗ ಬಂದು ಹೋಗಿದೆ, ನೀವು ನೋಡಲಿಲ್ಲ. ಮೈಮೇಲೆ ಎಲ್ಲಾದರೂ ಸೂಜಿ ಚುಚ್ಚಿದ ಹಾಗೆ ದುಂಡಗೆ, ಚೊಕ್ಕವಾಗಿದ್ದರೆ ಪರಾವಲಂಬಿ ಕಣಜ. ಹುಳುವಿನ ಚರ್ಮದ ಮೇಲೆ ಕಪ್ಪು ಚುಕ್ಕೆ ಇದ್ದು, ಆಮೇಲೆ ಗೂಡಿನಿಂದ ಬಿಳಿ ಮರಿಹುಳು ಇಳಿದು ನೆಲದ ಸಂದಿಯಲ್ಲಿ ಕಂದು ಪೀಪಾಯಿಯಂಥ ಕೋಶವಾದರೆ ಊಜಿ ನೊಣದ ಜಾತಿ. ರೇಷ್ಮೆ ಬೆಳೆಗಾರರಿಗೆ ಇದು ಚಿರಪರಿಚಿತ, 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹೋಗಲೇ ಇಲ್ಲ. ನೊಣ ಮೊಟ್ಟೆಯಿಡುವುದು ಗೂಡಿನ ಮೇಲಲ್ಲ, ಎಲೆ ತಿನ್ನುವ ಹುಳುವಿನ ಮೇಲೆ. ಹಾಗಾಗಿ ಬಲೆ ಕಟ್ಟಬೇಕಾದದ್ದು ಹುಳು ಸಾಕುವಾಗ. ಗೂಡಿನ ಹಂತದಲ್ಲಿ ಮಾಡಬಹುದಾದ್ದು ಕಂದು ಕೋಶಗಳನ್ನು ಹೆಕ್ಕಿ ಸುಡುವುದಷ್ಟೇ.

ಗೂಡಿನಿಂದ ಕಪ್ಪು ನೀರು ಸೋರಿ ಗಬ್ಬು ನಾತ ಬಂದರೆ ರೋಗ. ಹಾಲುತೊಂಡೆಯಂಥ ವೈರಸ್ಸೋ ಸಪ್ಪೆ ರೋಗವೋ ಅಂತ ಮನೆಯಲ್ಲಿ ಕೂತು ತೀರ್ಮಾನಿಸಲು ಹೋಗಬೇಡಿ, ಮಾಡುವ ಕೆಲಸ ಎರಡಕ್ಕೂ ಒಂದೇ. ಆ ಗೂಡನ್ನೂ ಅದಕ್ಕೆ ತಾಗಿದ್ದ ಗೂಡುಗಳನ್ನೂ ತೆಗೆದು ಸುಟ್ಟು, ಪಂಜರವನ್ನು ಶೇಕಡಾ 2ರ ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮೈಯೆಲ್ಲ ಗಟ್ಟಿಯಾಗಿ ಬೆಳ್ಳಗೆ ಸುಣ್ಣ ಬಳಿದಂತಾಗಿದ್ದರೆ ಅದು ಸುಣ್ಣಕಟ್ಟು, ಮಳೆಗಾಲದ ಶಿಲೀಂಧ್ರ. ಗೂಡಿನ ಹೊರಮೈಗೆ ಬರುವ ಹಸಿರು ಬೂಷ್ಟು ಅಷ್ಟು ಕೆಟ್ಟದ್ದಲ್ಲ, ಒಣ ಕುಂಚದಿಂದ ಉಜ್ಜಿ ಗಾಳಿಯಾಡುವ ಕಡೆ ಸರಿಸಿದರೆ ಸಾಕು.

ಮಣ್ಣಿನಲ್ಲಿ ಕೋಶವಾಗುವವು

ಕಣಗಿಲೆ, ನಂದಿಬಟ್ಟಲಿನ ಮೇಲೆ ಸಿಗುವ ಹಸಿರು ಹುಳು, ಗೆಣಸಿನ ಬಳ್ಳಿಯ ಹುಳು, ಎಳ್ಳು ಬದನೆಯ ದಪ್ಪ ಹುಳು, ಬಾಲದ ಮೇಲೆ ಕೊಂಬಿರುವ ಇವೆಲ್ಲ ಹಾಕ್‌ಮಾತ್ ಜಾತಿ. ರೇಷ್ಮೆಗೂಡು ಕಟ್ಟುವುದಿಲ್ಲ. ಕಣಗಿಲೆಯದು ತರಗೆಲೆಯ ನಡುವೆ, ಉಳಿದ ಎರಡು ಮಣ್ಣಿನಲ್ಲಿ ಇಳಿದು ಕೋಶವಾಗುತ್ತವೆ. ಇವುಗಳ ಬಗ್ಗೆ ಬರುವ ದೂರು ಒಂದೇ: ಹುಳು ಬಣ್ಣಗೆಟ್ಟು ಡಬ್ಬಿಯೆಲ್ಲ ಓಡಾಡಿ ಸತ್ತಿತು. ಅದಕ್ಕೆ ಕಾಯಿಲೆಯಿಲ್ಲ, ಇಳಿಯಲು ಮಣ್ಣಿಲ್ಲ. ಒಂದು ಗೇಣು ಆಳಕ್ಕೆ ಜರಡಿ ಹಿಡಿದ, ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗುವ, ನೀರು ಒಸರದ ಮಣ್ಣು ಹಾಕಿ. ಶುಂಠಿ ಗದ್ದೆಯ ಮಣ್ಣು ಬೇಡ, ಅದರಲ್ಲಿ ಔಷಧಿ ಇರುತ್ತದೆ. ಇಳಿದ ಮೇಲೆ ಎರಡು ವಾರ ಕೆದಕಬಾರದು. ಕೋಶ ಕಪ್ಪಾಗಿ, ರೆಕ್ಕೆಯ ಜಾಗದಲ್ಲಿ ಒಳಗಿನ ಬಣ್ಣ ಕಾಣತೊಡಗಿ, ಉಂಗುರಗಳ ಸಂದು ಮೆತ್ತಗಾದರೆ ಒಂದೆರಡು ದಿನದಲ್ಲಿ ಪತಂಗ ಬರುತ್ತದೆ. ಹತ್ತಲು ಒಂದು ಒರಟು ಕಡ್ಡಿ ನೆಟ್ಟಿರಿ. ಇವಕ್ಕೆ ಬಾಯಿ ಇದೆ, ಸೊಂಡಿಲಿನಲ್ಲಿ ಸಿಹಿ ರಸ ಕುಡಿಯುತ್ತವೆ, ಹಾಗಾಗಿ ಬಂದ ದಿನವೇ ಸಂಜೆಗೆ ಹಿತ್ತಲಿಗೆ ಬಿಟ್ಟುಬಿಡುವುದು ಒಳ್ಳೆಯದು.